ಮೊದಲ ಪರೀಕ್ಷೆ ಗಂಡನಿಗೆ: ಮಾಡಬೇಕಾದ್ದು, ಮಾಡಬಾರದ್ದು

ಮದುವೆಯಾಗಿ ವರ್ಷ ಕಳೆದರೂ ಬಸಿರು ನಿಲ್ಲದ ದಂಪತಿಗಳಿಗೆ, ಅವರಿಗಿಂತ ಹೆಚ್ಚಾಗಿ ಅವರ ಮನೆಯ ಹಿರಿಯರಿಗೆ ಈ ಸೂಚನೆಗಳು. ಮಾತು ಕಟುವೆನಿಸಿದರೆ ಸಹಿಸಿಕೊಳ್ಳಿ. ಇಲ್ಲಿ ಬೇಡವೆಂದು ಹೇಳಿರುವುದನ್ನೆಲ್ಲ ನಮ್ಮ ಊರುಗಳಲ್ಲಿ ದಿನವೂ ಮಾಡುತ್ತಿದ್ದೇವೆ, ಅದರ ಬೆಲೆಯನ್ನು ಹೆಂಡತಿಯಾದವಳು ತನ್ನ ಮೈಯಿಂದ, ತನ್ನ ವಯಸ್ಸಿನಿಂದ ತೆರುತ್ತಿದ್ದಾಳೆ.

ಯಾವಾಗ ಹೋಗಬೇಕು, ಯಾರು ಹೋಗಬೇಕು

ಗರ್ಭನಿರೋಧಕ ಯಾವುದೂ ಇಲ್ಲದೆ 12 ತಿಂಗಳು ಕೂಡಿ ಬಾಳಿಯೂ ಬಸಿರಾಗದಿದ್ದರೆ ವೈದ್ಯರಲ್ಲಿಗೆ ಹೋಗಿ. ಹೆಂಡತಿಗೆ 35 ದಾಟಿದ್ದರೆ 6 ತಿಂಗಳಿಗೇ ಹೋಗಿ. ಮದುವೆಯ ದಿನದಿಂದ ಲೆಕ್ಕ ಹಾಕಬೇಡಿ, ಒಟ್ಟಿಗೆ ಇದ್ದ ತಿಂಗಳುಗಳನ್ನು ಎಣಿಸಿ. ಗಂಡ ದುಬೈಯಲ್ಲೋ ಮಸ್ಕತ್ತಿನಲ್ಲೋ ಇದ್ದು ವರ್ಷಕ್ಕೊಮ್ಮೆ ತಿಂಗಳ ರಜೆಗೆ ಬರುವ ಮನೆಗಳು ಕರಾವಳಿಯಲ್ಲಿ ಎಷ್ಟೋ ಇವೆ. ಅಲ್ಲಿ ನಾಲ್ಕು ವರ್ಷದ ದಾಂಪತ್ಯವೆಂದರೆ ನಾಲ್ಕು ತಿಂಗಳ ದಾಂಪತ್ಯ. ಆ ಹೆಣ್ಣುಮಗಳನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸಬೇಡಿ, ಅವರಿಬ್ಬರೂ ಒಂದೆಡೆ ಇರುವ ದಾರಿ ನೋಡಿ.

ಇಬ್ಬರೂ ಒಂದೇ ದಿನ ಹೋಗಿ. ಇಬ್ಬರ ಪರೀಕ್ಷೆಯೂ ಒಟ್ಟಿಗೇ ಶುರುವಾಗಬೇಕು. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಿನ ಕಾರಣ ಇದ್ದೇ ಇರುತ್ತದೆ. ಕೆಲವರಲ್ಲಿ ಅದೊಂದೇ, ಉಳಿದವರಲ್ಲಿ ಹೆಣ್ಣಿನ ಕಾರಣದ ಜೊತೆಗೆ. ಹೀಗಿದ್ದೂ ನಮ್ಮಲ್ಲಿ ಆಗುವುದೇನು? ಹೆಂಡತಿಗೆ ಹಾರ್ಮೋನ್ ರಕ್ತಪರೀಕ್ಷೆ, ತಿಂಗಳು ತಿಂಗಳೂ ಸ್ಕ್ಯಾನಿಂಗ್, ಬಣ್ಣದ ದ್ರವ ಬಿಟ್ಟು ಗರ್ಭನಾಳ ನೋಡುವ ನೋವಿನ ಎಕ್ಸ್‌ರೇ, ಅರಿವಳಿಕೆ ಕೊಟ್ಟು ಮಾಡುವ ಲ್ಯಾಪ್ರೊಸ್ಕೋಪಿ. ಎಲ್ಲ ಮುಗಿದು ವರ್ಷಗಳು ಉರುಳಿದ ಮೇಲೆ ಯಾರೋ ಒಬ್ಬ ವೈದ್ಯರು ಕೇಳುತ್ತಾರೆ, ಯಜಮಾನರ ರಿಪೋರ್ಟ್ ಎಲ್ಲಿ ಎಂದು. ಅಷ್ಟು ದಿನ ಆತ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಅವನ ಮೊದಲ ಪರೀಕ್ಷೆಗೆ ಸೂಜಿ ಬೇಡ, ಅರಿವಳಿಕೆ ಬೇಡ, ಒಂದು ಡಬ್ಬಿ ಸಾಕು. ಇಡೀ ಸರದಿಯಲ್ಲಿ ಅತಿ ಅಗ್ಗದ್ದು, ಅತಿ ಸುಲಭದ್ದು ಅದೇ. ಗಂಡನ ವೀರ್ಯ ಪರೀಕ್ಷೆಯ ವರದಿ ಕೈಗೆ ಬರುವ ತನಕ ಹೆಂಡತಿಯ ಮೇಲೆ ಕತ್ತರಿ, ಕೊಳವೆ ಯಾವುದಕ್ಕೂ ಒಪ್ಪಬೇಡಿ.

ಗಂಡಸುತನಕ್ಕೂ ವೀರ್ಯಾಣುವಿನ ಎಣಿಕೆಗೂ ಸಂಬಂಧ ಕಲ್ಪಿಸಬೇಡಿ. ದಾಂಪತ್ಯದಲ್ಲಿ ಯಾವ ತೊಂದರೆಯೂ ಇಲ್ಲದ, ಗಟ್ಟಿಮುಟ್ಟಾದ ಆಳಿನ ವೀರ್ಯದಲ್ಲಿ ಒಂದೂ ವೀರ್ಯಾಣು ಇಲ್ಲದಿರಬಹುದು. ಕಣ್ಣಿಗೆ ವೀರ್ಯ ಮಾಮೂಲಿಯಂತೆಯೇ ಕಾಣುತ್ತದೆ. ಎರಡನೆಯ ಮದುವೆಯಾದವರು, ಮೊದಲನೆಯವಳಿಗೆ ಮಗು ಆಗಿತ್ತಲ್ಲ ಎಂದು ಪರೀಕ್ಷೆ ತಪ್ಪಿಸಿಕೊಳ್ಳಬೇಡಿ. ಹತ್ತು ವರ್ಷದ ಹಿಂದಿನ ಆರೋಗ್ಯ ಇವತ್ತಿನ ಸಾಕ್ಷಿಯಾಗುವುದಿಲ್ಲ. ಸಂಬಂಧವೇ ಸರಿಯಾಗಿ ಆಗುತ್ತಿಲ್ಲವೆಂದರೆ ಅದನ್ನೂ ಬಾಯಿಬಿಟ್ಟು ಹೇಳಿ. ನೋವಿನಿಂದಲೋ ಭಯದಿಂದಲೋ ವರ್ಷಗಟ್ಟಲೆ ದೇಹಸಂಬಂಧವೇ ಆಗದ ದಂಪತಿಗಳಿದ್ದಾರೆ. ಅವರಿಗೆ ಬೇಕಾದ ನೆರವು ಬೇರೆಯೇ.

ಡಬ್ಬಿ ಕೈಗೆ ಕೊಟ್ಟಾಗ

ಪರೀಕ್ಷೆಗೆ ಮುಂಚೆ 2ರಿಂದ 7 ದಿನ ವೀರ್ಯ ಹೊರಹೋಗದಂತೆ ನೋಡಿಕೊಳ್ಳಿ. ಹೆಚ್ಚು ದಿನ ಕಾದರೆ ಹೆಚ್ಚು ಒಳ್ಳೆಯದೆಂದು ಹದಿನೈದು ದಿನ ಕಾಯಬೇಡಿ. ಹಳೆಯ ವೀರ್ಯಾಣುಗಳ ಓಟ ಕುಂದಿರುತ್ತದೆ. ಸಾಧ್ಯವಾದರೆ ಲ್ಯಾಬಿನಲ್ಲೇ ಮಾದರಿ ಕೊಡಿ. ಮನೆಯಿಂದ ತರುವುದಾದರೆ ಒಂದು ಗಂಟೆಯೊಳಗೆ, ಡಬ್ಬಿಯನ್ನು ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟುಕೊಂಡು ತನ್ನಿ. ಫ್ರಿಜ್ಜಿನಲ್ಲಿ, ಐಸ್ ಡಬ್ಬದಲ್ಲಿ ಇಡಬೇಡಿ. ಕೊಬ್ಬರಿ ಎಣ್ಣೆ, ಸಾಬೂನು, ಎಂಜಲು ತಾಗಿಸಬೇಡಿ, ಮೆಡಿಕಲ್ ಶಾಪಿನ ಮಾಮೂಲಿ ಕಾಂಡೋಮ್ ಬಳಸಬೇಡಿ. ಮಾದರಿಯಲ್ಲಿ ಸ್ವಲ್ಪ ಹೊರಗೆ ಚೆಲ್ಲಿದ್ದರೆ ಮುಚ್ಚಿಡದೆ ಹೇಳಿ. ವೀರ್ಯಾಣುಗಳು ಹೆಚ್ಚಾಗಿರುವುದು ಮೊದಲ ಹನಿಗಳಲ್ಲೇ.

ಆಸ್ಪತ್ರೆಯ ಆ ಪುಟ್ಟ ಕೋಣೆಯಲ್ಲಿ, ಹೊರಗೆ ಜನ ಕಾಯುತ್ತಿರುವಾಗ, ಎಷ್ಟೋ ಮಂದಿಗೆ ಮಾದರಿ ಕೊಡಲಾಗುವುದಿಲ್ಲ. ಅದರಲ್ಲಿ ನಾಚಿಕೆಪಡುವಂಥದ್ದು ಇಲ್ಲ. ಹೆಂಡತಿಯನ್ನು ಜೊತೆಗೆ ಬಿಡಿ ಎಂದು ಕೇಳಿ, ಇನ್ನೊಂದು ದಿನ ಬರುತ್ತೇನೆ ಎನ್ನಿ, ಇದಕ್ಕೆಂದೇ ಸಿಗುವ ವಿಶೇಷ ಕಾಂಡೋಮ್ ಕೇಳಿ. ಬೇರೆಯವರ ಮಾದರಿ ತಂದುಕೊಡುವ ಕೆಲಸ ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ.

ವರದಿ ಬಂದಾಗ ಅದರಲ್ಲಿ ಅಂಕಿಗಳಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಗಿನ ಗಡಿಗಳು ಇವು: ವೀರ್ಯದ ಪ್ರಮಾಣ 1.4 ಮಿ.ಲೀ., ಪ್ರತಿ ಮಿ.ಲೀ.ಗೆ 16 ಮಿಲಿಯನ್ ಅಂದರೆ 1 ಕೋಟಿ 60 ಲಕ್ಷ ವೀರ್ಯಾಣು, ಚಲಿಸುವಂಥವು ಶೇ 42, ಮುಂದಕ್ಕೆ ಈಜುವಂಥವು ಶೇ 30, ಸರಿಯಾದ ಆಕಾರದವು ಶೇ 4. ಈ ಕೊನೆಯ ಅಂಕಿ ನೋಡಿ ಬೆಚ್ಚಿಬಿದ್ದವರು ಬಹಳ. ನೂರರಲ್ಲಿ 96 ವಿಕಾರವಾಗಿವೆಯಂತೆ, ಹುಟ್ಟುವ ಮಗು ಹೇಗಿರುತ್ತದೋ ಎಂದು ನಿದ್ದೆಗೆಡಬೇಡಿ. ವೀರ್ಯಾಣುವಿನ ತಲೆಯ ಆಕಾರಕ್ಕೂ ಮಗುವಿನ ರೂಪಕ್ಕೂ ನಂಟಿಲ್ಲ. ಹೆಂಡತಿ ವರ್ಷದೊಳಗೆ ಬಸಿರಾದ ಗಂಡಸರನ್ನೇ ಪರೀಕ್ಷಿಸಿ, ಅವರಲ್ಲಿ ಅತಿ ಕೆಳಗಿನ ನೂರಕ್ಕೆ ಐವರ ಗಡಿಯನ್ನು ಇಲ್ಲಿ ಗುರುತಿಸಿದ್ದಾರೆ. ಈ ಗಡಿಯ ಕೆಳಗಿರುವವರಿಗೂ ತಾನಾಗಿ ಮಕ್ಕಳಾಗುವುದುಂಟು, ಮೇಲಿರುವವರಿಗೂ ಆಗದಿರುವುದುಂಟು.

ಒಂದೇ ವರದಿ ನಂಬಿ ಮುಂದೆ ಹೋಗಬೇಡಿ. ವೀರ್ಯಾಣು ತಯಾರಾಗಲು ಸುಮಾರು 72 ದಿನ ಬೇಕು, ಆಮೇಲೆ ಹೊರಬರಲು ಇನ್ನೊಂದೆರಡು ವಾರ. ಇವತ್ತಿನ ಮಾದರಿ ಮೂರು ತಿಂಗಳ ಹಿಂದಿನ ಮೈಯ ಸ್ಥಿತಿ ತೋರಿಸುತ್ತದೆ. ಡೆಂಗಿಯಂಥ ಜೋರು ಜ್ವರ ಬಂದು ಹೋಗಿದ್ದರೆ ಎಣಿಕೆ ಇಳಿದಿರಬಹುದು. ಅದನ್ನು ವೈದ್ಯರಿಗೆ ಹೇಳಿ, ಮೂರು ತಿಂಗಳ ಮೇಲೆ ಮತ್ತೆ ಮಾಡಿಸಿ.

ಜಿಮ್ಮಿನ ಇಂಜೆಕ್ಷನ್, ಗೋಡೆಯ ಜಾಹೀರಾತು

ಈ ಸೂಚನೆಯಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಡಿ: ಮಗು ಬೇಕೆನ್ನುವ ಗಂಡಸು ಟೆಸ್ಟೊಸ್ಟೆರಾನ್ ತೆಗೆದುಕೊಳ್ಳಬಾರದು. ಇಂಜೆಕ್ಷನ್ ಆಗಲಿ, ಜೆಲ್ ಆಗಲಿ, ಜಿಮ್ ಟ್ರೈನರ್ ಕೊಡುವ ಸ್ಟೀರಾಯ್ಡ್ ಆಗಲಿ ಬೇಡ. ಗಂಡು ಹಾರ್ಮೋನು ಹೆಚ್ಚಾದರೆ ವೀರ್ಯ ಹೆಚ್ಚುತ್ತದೆ ಎಂದು ಕೇಳಲು ಸರಿ ಎನಿಸುತ್ತದೆ, ಆಗುವುದು ತದ್ವಿರುದ್ಧ. ಹೊರಗಿನಿಂದ ಹಾರ್ಮೋನು ಬಂದೊಡನೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಕಳಿಸುವ ಸೂಚನೆಯನ್ನು ನಿಲ್ಲಿಸುತ್ತದೆ. ವೃಷಣದೊಳಗೆ ಕೆಲಸ ನಿಲ್ಲುತ್ತದೆ, ಎಣಿಕೆ ಸೊನ್ನೆಗೂ ಇಳಿಯಬಹುದು. ಈ ಗುಣದಿಂದಾಗಿಯೇ ಟೆಸ್ಟೊಸ್ಟೆರಾನನ್ನು ಗಂಡಸರ ಗರ್ಭನಿರೋಧಕವಾಗಿ ವಿಶ್ವ ಆರೋಗ್ಯ ಸಂಸ್ಥೆ ಪ್ರಯೋಗಿಸಿ ನೋಡಿದೆ. ನಿಲ್ಲಿಸಿದ ಮೇಲೆ ಬಹುತೇಕರಿಗೆ ಮರಳಿ ಬರುತ್ತದಾದರೂ ಆರು ತಿಂಗಳು, ವರ್ಷ, ಕೆಲವೊಮ್ಮೆ ಎರಡು ವರ್ಷ ಹಿಡಿಯುತ್ತದೆ. ತೋಳು ದಪ್ಪ ಮಾಡಲು ಚುಚ್ಚಿಸಿಕೊಂಡಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ. ಕೂದಲು ಉದುರದಿರಲು ನುಂಗುವ ಫಿನಾಸ್ಟೆರೈಡ್ ಮಾತ್ರೆಯ ವಿಷಯವನ್ನೂ ಹೇಳಿ. ಕೆಲವರಲ್ಲಿ ಅದೂ ಎಣಿಕೆ ಇಳಿಸುತ್ತದೆ.

ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಗುಪ್ತರೋಗ, ಧಾತುನಷ್ಟ ಎಂದು ಬರೆಸಿ ಲಾಡ್ಜ್ ರೂಮಿನಲ್ಲಿ ವಾರಕ್ಕೊಮ್ಮೆ ಕೂರುವವರ ಬಳಿ ಹೋಗಬೇಡಿ. ಸ್ವಪ್ನಸ್ಖಲನದಿಂದ, ಹಸ್ತಮೈಥುನದಿಂದ ವೀರ್ಯ ಬತ್ತಿಹೋಗುವುದಿಲ್ಲ. ಇಪ್ಪತ್ತರ ಹುಡುಗರ ಎದೆಯಲ್ಲಿ ಈ ಭಯ ಬಿತ್ತಿ, ಮೂವತ್ತರಲ್ಲಿ ಅದರ ಮೇಲೆ ಬೆಳೆ ತೆಗೆಯುವ ದಂಧೆ ಇದು. ಅವರು ಕೊಡುವ ಹೆಸರಿಲ್ಲದ ಪುಡಿಯಲ್ಲಿ ಏನಿದೆ ಎಂದು ಯಾರೂ ಹೇಳಲಾರರು. ಸೀಸ, ಪಾದರಸ, ಸ್ಟೀರಾಯ್ಡ್ ಯಾವುದೂ ಇರಬಹುದು. ಆಯುರ್ವೇದ ಬೇಕೆನ್ನುವವರು ನೋಂದಾಯಿತ ವೈದ್ಯರಲ್ಲಿ, ಲೇಬಲ್ ಇರುವ ಔಷಧಿಯನ್ನೇ ತೆಗೆದುಕೊಳ್ಳಿ, ಅದನ್ನೂ ನಿಮ್ಮ ಆಸ್ಪತ್ರೆಯ ವೈದ್ಯರಿಗೆ ತಿಳಿಸಿ.

ದೊಡ್ಡ ಆಸ್ಪತ್ರೆಯವರು ಬರೆದುಕೊಡುವ ದುಬಾರಿ ಸ್ಯಾಷೆಗಳ ಬಗೆಗೂ ಅದೇ ಎಚ್ಚರ ಇರಲಿ. ಜಿಂಕ್ ಮತ್ತು ಫೋಲಿಕ್ ಆ್ಯಸಿಡ್ ಕೊಟ್ಟು ಅಮೆರಿಕದಲ್ಲಿ 2,370 ದಂಪತಿಗಳ ಮೇಲೆ ನಡೆಸಿದ ದೊಡ್ಡ ಪ್ರಯೋಗದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಅದನ್ನು ನುಂಗಿದವರಿಗೂ ಖಾಲಿ ಮಾತ್ರೆ ನುಂಗಿದವರಿಗೂ ಮಕ್ಕಳಾಗುವುದರಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ವೈದ್ಯರು ಕಾರಣ ಹೇಳಿ ಕೊಟ್ಟರೆ ಮೂರು ತಿಂಗಳು ತೆಗೆದುಕೊಳ್ಳಿ. ಪುಡಿ ಕುಡಿಯುತ್ತಾ ಎರಡು ವರ್ಷ ಕಳೆಯಬೇಡಿ. ಆ ಎರಡು ವರ್ಷ ನಿಮ್ಮ ಹೆಂಡತಿಯ ಅಂಡಾಣುಗಳ ಲೆಕ್ಕದಿಂದ ಕಳೆದುಹೋಗುತ್ತದೆ, ಮರಳಿ ಸಿಗುವುದಿಲ್ಲ.

ಬಿಡಬೇಕಾದ್ದನ್ನು ಬಿಡಿ: ಬೀಡಿ, ಸಿಗರೇಟು, ಗುಟ್ಕಾ, ಹೊಗೆಸೊಪ್ಪು. ಕುಡಿತ ನಿಲ್ಲಿಸಿ. ಹೊಟ್ಟೆ ಬೆಳೆದಿದ್ದರೆ ಇಳಿಸಿ. ವೃಷಣ ಮೈಯ ಹೊರಗೆ ಚೀಲದಲ್ಲಿ ತೂಗುವುದೇ ಅದಕ್ಕೆ ಮೈಗಿಂತ ಎರಡು ಮೂರು ಡಿಗ್ರಿ ತಂಪು ಬೇಕೆಂದು. ಬೇಕರಿಯ ಒಲೆ, ಫೌಂಡ್ರಿ, ಇಟ್ಟಿಗೆ ಗೂಡಿನ ಮುಂದೆ ದಿನವಿಡೀ ನಿಲ್ಲುವವರು, ಲಾರಿಯ ಎಂಜಿನ್ ಮೇಲೆ ಕೂತು ಓಡಿಸುವವರು ನಡುವೆ ಎದ್ದು ಓಡಾಡಿ, ಸಡಿಲ ಬಟ್ಟೆ ಹಾಕಿ, ಲ್ಯಾಪ್‌ಟಾಪನ್ನು ತೊಡೆಯಿಂದ ಮೇಜಿಗೆ ಸರಿಸಿ. ತೋಟಕ್ಕೆ ಔಷಧಿ ಹೊಡೆಯುವವರು ಬರಿಗೈಯಲ್ಲಿ ಬೆರೆಸಬೇಡಿ, ನೆನೆದ ಬಟ್ಟೆಯಲ್ಲಿ ಊಟಕ್ಕೆ ಕೂರಬೇಡಿ. 1977ರಲ್ಲಿ ಕ್ಯಾಲಿಫೋರ್ನಿಯಾದ ಲ್ಯಾಥ್ರಾಪ್ ಎಂಬ ಊರಿನ ಕಾರ್ಖಾನೆಯಲ್ಲಿ ಡಿಬಿಸಿಪಿ ಎಂಬ ಕೀಟನಾಶಕ ತಯಾರಿಸುತ್ತಿದ್ದ ಕೆಲಸಗಾರರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವಾಗ ಯಾರಿಗೂ ಇತ್ತೀಚೆಗೆ ಮಕ್ಕಳಾಗಿಲ್ಲ ಎಂಬುದನ್ನು ಗಮನಿಸಿದರು. ಪರೀಕ್ಷೆ ಮಾಡಿಸಿದರೆ ಹಲವರ ವೀರ್ಯದಲ್ಲಿ ವೀರ್ಯಾಣುವೇ ಇರಲಿಲ್ಲ. ಹಾಗೆ ಅವರು ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳಿಕೊಂಡಿದ್ದರಿಂದಲೇ ಆ ವಿಷ ಬೆಳಕಿಗೆ ಬಂತು.

ಕೌಂಟ್ ಕಡಿಮೆ, ಅಥವಾ ನಿಲ್

ಎಣಿಕೆ ಕಡಿಮೆ ಬಂದರೆ ನೇರ ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಕೌಂಟರಿಗೆ ಹೋಗಬೇಡಿ. ಗಂಡನನ್ನು ಮಂಚದ ಮೇಲೆ ಮಲಗಿಸಿ, ಎಬ್ಬಿಸಿ ನಿಲ್ಲಿಸಿ, ಕೈಯಿಂದ ಮುಟ್ಟಿ ಪರೀಕ್ಷಿಸುವ ಯೂರಾಲಜಿಸ್ಟ್ ಅಥವಾ ಆ್ಯಂಡ್ರಾಲಜಿಸ್ಟ್ ಬಳಿ ಮೊದಲು ಹೋಗಿ. ಬರೀ ಕಾಗದ ನೋಡಿ ಚಿಕಿತ್ಸೆ ಹೇಳುವವರನ್ನು ಒಪ್ಪಬೇಡಿ. ವೃಷಣದ ಮೇಲಿನ ರಕ್ತನಾಳಗಳು ಉಬ್ಬಿ, ಹೆಚ್ಚಾಗಿ ಎಡಗಡೆ, ಹುಳು ತುಂಬಿದ ಚೀಲದಂತೆ ಕೈಗೆ ಸಿಗುವ ವೇರಿಕೋಸೀಲ್ ಇಂಥ ಪರೀಕ್ಷೆಯಲ್ಲೇ ತಿಳಿಯುವುದು. ನೂರು ಗಂಡಸರಲ್ಲಿ ಸುಮಾರು 15 ಮಂದಿಗೆ ಅದು ಇರುತ್ತದೆ, ಮಕ್ಕಳಾಗದವರಲ್ಲಿ ಇನ್ನೂ ಹೆಚ್ಚು. ಕೈಗೆ ಸಿಗುವಂತಿದ್ದು ಎಣಿಕೆಯೂ ಕಡಿಮೆ ಇದ್ದರೆ ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿದೆ. ಸ್ಕ್ಯಾನಿಂಗಿನಲ್ಲಿ ಮಾತ್ರ ಕಂಡದ್ದಕ್ಕೆ ಆಪರೇಷನ್ ಮಾಡಿಸಿಕೊಳ್ಳಬೇಡಿ.

ನಿಲ್, ಅಂದರೆ ಒಂದೂ ವೀರ್ಯಾಣು ಇಲ್ಲ ಎಂದು ಬಂದರೆ ಆ ಮಾದರಿಯನ್ನು ಯಂತ್ರದಲ್ಲಿ ತಿರುಗಿಸಿ ತಳದಲ್ಲಿ ಕೂತದ್ದನ್ನು ನೋಡಿದರೋ ಎಂದು ಕೇಳಿ. ಇಲ್ಲವೆಂದರೆ ಮತ್ತೆ ಮಾಡಿಸಿ. ಎರಡು ಸಲವೂ ನಿಲ್ ಬಂದ ಮೇಲೆ ತಿಳಿಯಬೇಕಾದ್ದು ಒಂದೇ: ವೀರ್ಯಾಣು ತಯಾರಾಗುತ್ತಿದ್ದು ದಾರಿ ಮುಚ್ಚಿದೆಯೋ, ತಯಾರಿಕೆಯೇ ಇಲ್ಲವೋ. ದಾರಿ ಮುಚ್ಚಿದ್ದರೆ ಆಸೆ ದೊಡ್ಡದು. ಚಿಕ್ಕಂದಿನ ಹರ್ನಿಯಾ ಆಪರೇಷನ್ನಿನಲ್ಲಿ ವೀರ್ಯನಾಳಕ್ಕೆ ಪೆಟ್ಟು ಬಿದ್ದಿರಬಹುದು, ಕ್ಷಯ ಅಥವಾ ಲೈಂಗಿಕ ಸೋಂಕಿನಿಂದ ಕಟ್ಟಿಕೊಂಡಿರಬಹುದು, ಹುಟ್ಟಿನಿಂದಲೇ ನಾಳ ಇಲ್ಲದಿರಬಹುದು. ವೃಷಣದಿಂದ ಸೂಜಿಯಲ್ಲಿ ವೀರ್ಯಾಣು ತೆಗೆದು ಚಿಕಿತ್ಸೆ ಮಾಡಬಹುದು. ಹುಟ್ಟಿನಿಂದ ನಾಳವಿಲ್ಲದವರಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಕಾಯಿಲೆಯ ಜೀನ್ ದೋಷ ಹಲವು ಸಲ ಇರುತ್ತದೆ. ಹೆಂಡತಿಯಲ್ಲೂ ಅದೇ ಇದ್ದರೆ ಮಗುವಿಗೆ ಅಪಾಯ. ಸೋದರಮಾವನನ್ನು, ಅತ್ತೆಯ ಮಗನನ್ನು ಮದುವೆಯಾಗಿದ್ದರೆ ಇದನ್ನು ವೈದ್ಯರಿಗೆ ಮೊದಲೇ ಹೇಳಿ, ಇಬ್ಬರೂ ಪರೀಕ್ಷೆ ಮಾಡಿಸಿ.

ತಯಾರಿಕೆಯೇ ಇಲ್ಲವೆಂದಾದರೆ ವರ್ಣತಂತು ಪರೀಕ್ಷೆ ಮಾಡಿಸಿ. ಎಣಿಕೆ ಮಿ.ಲೀ.ಗೆ 5 ಮಿಲಿಯನ್‌ಗಿಂತ ಕಡಿಮೆ ಇರುವವರೂ ಕೇಳಿ ಮಾಡಿಸಬೇಕು. ಒಂದು ಎಕ್ಸ್ ವರ್ಣತಂತು ಹೆಚ್ಚಿರುವ ಕ್ಲೈನ್‌ಫೆಲ್ಟರ್ ಸ್ಥಿತಿ ಸುಮಾರು 600 ಗಂಡಸರಲ್ಲಿ ಒಬ್ಬರಿಗಿದೆ, ಬಹುಪಾಲು ಮಂದಿಗೆ ಗೊತ್ತೇ ಇರುವುದಿಲ್ಲ. ವೈ ವರ್ಣತಂತುವಿನ ತುಣುಕು ಬಿಟ್ಟುಹೋಗಿರುವುದೂ ಉಂಟು. ಅದರ ಎಜೆಡ್ಎಫ್ ಎ ಅಥವಾ ಬಿ ಎಂಬ ಭಾಗ ಪೂರ್ತಿ ಇಲ್ಲದವರಿಗೆ ವೃಷಣ ಕೊಯ್ದು ಹುಡುಕಿದರೂ ವೀರ್ಯಾಣು ಸಿಗುವುದಿಲ್ಲ. ಹಾಗಾಗಿ ಆ ಪರೀಕ್ಷೆಯ ಫಲ ಬರುವ ತನಕ ಆಪರೇಷನ್ ದಿನ ಗೊತ್ತುಮಾಡಬೇಡಿ. ಸಿ ಭಾಗ ಇಲ್ಲದವರಿಗೆ ಸಿಗಬಹುದು, ಆದರೆ ಹುಟ್ಟುವ ಗಂಡುಮಗುವಿಗೂ ಅದೇ ಕೊರತೆ ಬರುತ್ತದೆ. ಉಳಿದವರಲ್ಲಿ ಸೂಕ್ಷ್ಮದರ್ಶಕದ ಕೆಳಗೆ ವೃಷಣದ ಎಳೆಗಳನ್ನು ಬಿಡಿಸಿ ಹುಡುಕುವ ಮೈಕ್ರೋ ಟೀಸೆಯಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿಗೆ ಸಿಗುತ್ತದೆ. ಅದನ್ನು ಅಭ್ಯಾಸವಿರುವ ಕೈಯಲ್ಲಿ ಮಾಡಿಸಿ, ಸಿಕ್ಕಿದ್ದನ್ನು ಘನೀಕರಿಸಿಡಲು ಹೇಳಿ.

ಔಷಧಿಯಿಂದಲೇ ಸರಿಹೋಗುವ ಒಂದು ಗುಂಪಿದೆ, ಅವರನ್ನು ಗುರುತಿಸದೆ ಬಿಡುವುದು ದೊಡ್ಡ ಅನ್ಯಾಯ. ಗಡ್ಡಮೀಸೆ ಸರಿಯಾಗಿ ಬರಲಿಲ್ಲ, ದನಿ ಒಡೆಯಲಿಲ್ಲ, ಕೆಲವರಿಗೆ ಹುಟ್ಟಿನಿಂದ ಮಲ್ಲಿಗೆಯ ವಾಸನೆಯೂ ಒಗ್ಗರಣೆಯ ವಾಸನೆಯೂ ತಿಳಿಯದು. ಇಂಥವರಲ್ಲಿ ವೃಷಣ ಕೆಟ್ಟಿರುವುದಿಲ್ಲ, ಮಿದುಳಿನಿಂದ ಸೂಚನೆ ಬರುತ್ತಿಲ್ಲ ಅಷ್ಟೇ. ತಿಂಗಳುಗಟ್ಟಲೆ ಹಾರ್ಮೋನ್ ಚುಚ್ಚುಮದ್ದು ಕೊಟ್ಟರೆ ವೀರ್ಯಾಣು ಬರುತ್ತದೆ, ಎಷ್ಟೋ ಮಂದಿ ಮನೆಯಲ್ಲೇ ಸಹಜವಾಗಿ ತಂದೆಯಾಗುತ್ತಾರೆ. ವಾಸನೆ ತಿಳಿಯುವುದಿಲ್ಲ ಎಂಬುದನ್ನು ವೈದ್ಯರು ಕೇಳದಿದ್ದರೂ ನೀವು ಹೇಳಿ. ಸಕ್ಕರೆ ಕಾಯಿಲೆಯವರಲ್ಲಿ ವೀರ್ಯ ಹೊರಬಾರದೆ ಹಿಂದಕ್ಕೆ, ಮೂತ್ರಕೋಶಕ್ಕೆ ಹೋಗುವುದುಂಟು. ಮೂತ್ರ ಪರೀಕ್ಷಿಸಿದರೆ ಅದು ತಿಳಿಯುತ್ತದೆ.

ಐಯುಐ, ಐವಿಎಫ್, ಇಕ್ಸಿ

1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದಳು. ಅದೇ ವರ್ಷದ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ದುರ್ಗಾ ಹುಟ್ಟಿದಳು. ಆ ಪ್ರನಾಳ ಶಿಶುಗಳ ಕಾಲದಲ್ಲೂ ವೀರ್ಯಾಣು ತೀರ ಕಡಿಮೆಯಿದ್ದ ಗಂಡಸಿಗೆ ದಾರಿ ಇರಲಿಲ್ಲ. ಒಂದೇ ವೀರ್ಯಾಣುವನ್ನು ಗಾಜಿನ ಸೂಜಿಯಲ್ಲಿ ಎತ್ತಿ ಅಂಡಾಣುವಿನೊಳಗೆ ಸೇರಿಸುವ ಇಕ್ಸಿ ವಿಧಾನದ ಮೊದಲ ಯಶಸ್ಸನ್ನು 1992ರಲ್ಲಿ ಬ್ರಸೆಲ್ಸ್‌ನ ತಂಡ ಪ್ರಕಟಿಸಿದ ಮೇಲೆ ಅಂಥವರೂ ತಂದೆಯಾಗತೊಡಗಿದರು. ಕೌಂಟ್ ಕಡಿಮೆ ಎಂದ ತಕ್ಷಣ ಕೈಚೆಲ್ಲಬಾರದು ಎನ್ನುವುದು ಇದಕ್ಕೇ.

ಹಾಗೆಂದು ಎಲ್ಲರಿಗೂ ಇಕ್ಸಿ ಬೇಡ. ವೀರ್ಯ ಸರಿಯಿದ್ದಾಗ ಇಕ್ಸಿ ಮಾಡಿದರೆ ಮಾಮೂಲಿ ಐವಿಎಫ್‌ಗಿಂತ ಹೆಚ್ಚಿನ ಫಲವಿಲ್ಲ. ಯಾಕೆ ಬೇಕೆಂದು ಕೇಳಿ, ಉತ್ತರ ಸಿಗುವ ತನಕ ಕೇಳಿ. ತೊಳೆದ ವೀರ್ಯವನ್ನು ಗರ್ಭಕೋಶಕ್ಕೆ ಬಿಡುವ ಐಯುಐ ಸರಳ, ಖರ್ಚು ಕಡಿಮೆ. ಹೆಂಡತಿಯ ಗರ್ಭನಾಳ ತೆರೆದಿದೆ ಎಂದು ಖಾತ್ರಿಯಾಗದೆ ಅದನ್ನು ಮಾಡಿಸಬೇಡಿ. ಎಣಿಕೆ ತೀರ ಕಡಿಮೆ ಇರುವಾಗ ಮತ್ತೆ ಮತ್ತೆ ಐಯುಐ ಮಾಡಿಸುತ್ತಾ ಕೂರಬೇಡಿ.

ಗಂಡನ ಕಾರಣಕ್ಕೆ ಇಕ್ಸಿ ಆದರೂ ಇಂಜೆಕ್ಷನ್ ಚುಚ್ಚಿಸಿಕೊಳ್ಳುವವಳು ಹೆಂಡತಿಯೇ. ಹತ್ತು ಹನ್ನೆರಡು ದಿನ ದಿನವೂ ಹೊಟ್ಟೆಗೆ ಸೂಜಿ, ಆಮೇಲೆ ಅರಿವಳಿಕೆ ಕೊಟ್ಟು ಅಂಡಾಣು ತೆಗೆಯುವುದು. ಗಂಡನಾದವನು ಆ ದಿನಗಳಲ್ಲಿ ರಜೆ ಹಾಕಿ ಜೊತೆಗಿರಬೇಕು. ಸೂಜಿ ಹಾಕುವುದನ್ನು ನರ್ಸ್ ಹತ್ತಿರ ಕಲಿತು ಮನೆಯಲ್ಲಿ ತಾನೇ ಹಾಕಬೇಕು. ಅವಳ ಹೊಟ್ಟೆ ವಿಪರೀತ ಉಬ್ಬಿದರೆ, ವಾಂತಿ ನಿಲ್ಲದಿದ್ದರೆ, ಉಸಿರು ಕಟ್ಟಿದರೆ, ಮೂತ್ರ ಕಡಿಮೆಯಾದರೆ ಬೆಳಗಾಗಲಿ ಎನ್ನದೆ ಆಸ್ಪತ್ರೆಗೆ ಒಯ್ಯಿರಿ. ಅಂಡಾಶಯ ಅತಿಯಾಗಿ ಕೆರಳಿದಾಗ ಹೀಗಾಗುತ್ತದೆ, ಪ್ರಾಣಕ್ಕೂ ಕುತ್ತು ಬರಬಹುದು. ಅಂಡಾಣು ತೆಗೆಯುವ ದಿನವೇ ಗಂಡನಿಗೆ ಮಾದರಿ ಕೊಡಲಾಗದೆ ಎಲ್ಲವೂ ವ್ಯರ್ಥವಾಗುವುದುಂಟು. ಅಂಥ ಅನುಮಾನ ಇದ್ದವರು, ಎಣಿಕೆ ತೀರ ಕಡಿಮೆ ಇದ್ದವರು ಮುಂಚಿತವಾಗಿ ಒಂದು ಮಾದರಿಯನ್ನು ಘನೀಕರಿಸಿಡಿ.

ಒಂದೇ ಸಲಕ್ಕೆ ಎರಡು ಮೂರು ಭ್ರೂಣ ಇಡಿ, ಅವಳಿ ಆದರೆ ಖರ್ಚು ಉಳಿಯುತ್ತದೆ ಎಂದು ಒತ್ತಾಯಿಸಬೇಡಿ. ದಿನ ತುಂಬದೆ ಹುಟ್ಟಿದ ಅವಳಿಗಳು ವಾರಗಟ್ಟಲೆ ಗಾಜಿನ ಪೆಟ್ಟಿಗೆಯಲ್ಲಿರಬೇಕಾದೀತು. ಭ್ರೂಣ ಇಟ್ಟ ಮೇಲೆ ಸೊಸೆಯನ್ನು ಹಾಸಿಗೆಗೆ ಕಟ್ಟಿಹಾಕಬೇಡಿ. ಮಲಗಿದ್ದರಿಂದ ಭ್ರೂಣ ಅಂಟುವುದೂ ಇಲ್ಲ, ಎದ್ದು ಓಡಾಡಿದ್ದರಿಂದ ಜಾರುವುದೂ ಇಲ್ಲ. ಫಲ ನಿಲ್ಲದಿದ್ದರೆ ಅವಳು ಮೆಟ್ಟಿಲು ಹತ್ತಿದ್ದಕ್ಕೆ ಹೀಗಾಯಿತೆಂದು ಯಾರೂ ಅನ್ನಬಾರದು.

ಸಹಿ ಹಾಕುವ ಮುಂಚೆ

ಸಂತಾನ ನೆರವು ತಂತ್ರಜ್ಞಾನ ನಿಯಂತ್ರಣ ಕಾಯ್ದೆ 2021ರದ್ದು, 2022ರ ಜನವರಿ 25ರಿಂದ ಜಾರಿಯಲ್ಲಿದೆ. ನೋಂದಣಿ ಇಲ್ಲದ ಕಡೆ ಚಿಕಿತ್ಸೆ ಪಡೆಯಬೇಡಿ. ಪ್ರಮಾಣಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಹೆಂಡತಿಗೆ 21ರಿಂದ 50, ಗಂಡನಿಗೆ 21ರಿಂದ 55, ಇದು ಕಾಯ್ದೆ ಹಾಕಿದ ವಯಸ್ಸಿನ ಮಿತಿ. ಖರ್ಚು, ಯಶಸ್ಸಿನ ಸಾಧ್ಯತೆ, ಅಡ್ಡಪರಿಣಾಮ ಎಲ್ಲವನ್ನೂ ತಿಳಿಸಿ ಹೇಳುವುದು ಕ್ಲಿನಿಕ್ಕಿನ ಕರ್ತವ್ಯ. ಗ್ಯಾರಂಟಿ ಎಂದು ಬೋರ್ಡು ಹಾಕಿದವರನ್ನು ನಂಬಬೇಡಿ. ಔಷಧಿ, ಇಕ್ಸಿ, ಘನೀಕರಣ, ವರ್ಷದ ಬಾಡಿಗೆ ಪ್ಯಾಕೇಜಿನೊಳಗೆ ಇದೆಯೇ ಎಂದು ಬರಹದಲ್ಲಿ ಪಡೆಯಿರಿ. ಒಂದೇ ಸುತ್ತಿಗಾಗಿ ಜಮೀನು ಮಾರಬೇಡಿ. ಮೊದಲ ಸುತ್ತು ಫಲಿಸದಿರುವುದು ಸಾಮಾನ್ಯ. ಇಂಗ್ಲಿಷ್ ಒಪ್ಪಿಗೆ ಪತ್ರಕ್ಕೆ ಓದದೆ ಸಹಿ ಹಾಕಬೇಡಿ, ಕನ್ನಡದಲ್ಲಿ ವಿವರಿಸಿ ಎಂದು ಪಟ್ಟುಹಿಡಿಯಿರಿ. ಮಾದರಿ ಕೊಡುವಾಗ ಡಬ್ಬಿಯ ಮೇಲೆ ಇಬ್ಬರ ಹೆಸರೂ ತಾರೀಖೂ ಸರಿಯಾಗಿವೆಯೇ ಎಂದು ನಿಮ್ಮ ಕಣ್ಣಿಂದಲೇ ನೋಡಿ. ಗಂಡುಮಗುವೇ ಬೇಕೆಂದು ಕೇಳಬೇಡಿ. ಭ್ರೂಣದ ಲಿಂಗ ಆರಿಸುವುದು ಜೈಲಿಗೆ ಹೋಗುವ ಅಪರಾಧ.

ದಾನಿಯ ವೀರ್ಯ ಬೇಕಾದರೆ ನೋಂದಾಯಿತ ಬ್ಯಾಂಕಿನಿಂದ ಮಾತ್ರ. ತಮ್ಮನದೋ ಮೈದುನನದೋ ಆಗಲಿ ಎಂದು ಮನೆಯೊಳಗೆ ಗುಟ್ಟಾಗಿ ಏರ್ಪಾಡು ಮಾಡಬೇಡಿ. ಒಬ್ಬ ದಾನಿಯ ವೀರ್ಯ ಒಂದೇ ದಂಪತಿಗೆ ಎನ್ನುತ್ತದೆ ಕಾಯ್ದೆ. ಹುಟ್ಟುವ ಮಗು ಕಾನೂನಿನ ಕಣ್ಣಲ್ಲಿ ಪೂರ್ತಿಯಾಗಿ ನಿಮ್ಮದು, ದಾನಿಗೆ ಅದರ ಮೇಲೆ ಯಾವ ಹಕ್ಕೂ ಇರುವುದಿಲ್ಲ. ಇಬ್ಬರ ಲಿಖಿತ ಒಪ್ಪಿಗೆ ಇಲ್ಲದೆ ಇದು ನಡೆಯಲೇಬಾರದು. ಹೆಂಡತಿಗೆ ತಿಳಿಸದೆ ದಾನಿಯ ವೀರ್ಯ ಹಾಕಿಸುವುದು, ಗಂಡನಿಗೆ ತಿಳಿಸದೆ ಅತ್ತೆಯೂ ಸೊಸೆಯೂ ತೀರ್ಮಾನಿಸುವುದು, ಎರಡೂ ದ್ರೋಹ. ಮನಸ್ಸು ಒಪ್ಪದಿದ್ದರೆ ನಿಲ್ಲಿಸಿ. ದತ್ತು ತೆಗೆದುಕೊಳ್ಳುವ ದಾರಿ ಗೌರವದ ದಾರಿ, ಅದನ್ನು ಕೊನೆಯ ಗತಿ ಎಂದು ಹೀಗಳೆಯಬೇಡಿ.

ಮನೆಯವರಿಗೆ

"ಏನಾದ್ರೂ ವಿಶೇಷ ಇದೆಯಾ?" ಎಂದು ಕೇಳುವುದನ್ನು ನಿಲ್ಲಿಸಿ. ಮದುವೆಮನೆಯಲ್ಲಿ, ಗೃಹಪ್ರವೇಶದಲ್ಲಿ, ಊಟದ ಎಲೆಯ ಮುಂದೆ, ಎಲ್ಲೂ ಬೇಡ. ಸೀಮಂತಕ್ಕೆ, ತೊಟ್ಟಿಲ ಶಾಸ್ತ್ರಕ್ಕೆ ಮಕ್ಕಳಿಲ್ಲದವಳನ್ನು ಕರೆಯದೆ ಬಿಡಬೇಡಿ. ಅರಿಶಿನ ಕುಂಕುಮ ಕೊಡುವಾಗ ಅವಳನ್ನು ದಾಟಿ ಹೋಗಬೇಡಿ. ಅಶ್ವತ್ಥ ಸುತ್ತುವುದು, ಕುಕ್ಕೆಗೆ ಹೋಗುವುದು ನಿಮ್ಮ ನಂಬಿಕೆ, ಹೋಗಿಬನ್ನಿ. ಆದರೆ ಹರಕೆ ತೀರುವ ತನಕ ಮಗನ ಪರೀಕ್ಷೆ ಮುಂದೂಡಬೇಡಿ, ಉಪವಾಸವನ್ನು ಸೊಸೆಯೊಬ್ಬಳ ಮೇಲೆ ಹೇರಬೇಡಿ. ಮಗನಿಗೆ ಇನ್ನೊಂದು ಮದುವೆ ಎಂಬ ಮಾತನ್ನು ಎತ್ತಲೇಬೇಡಿ. ಅವನ ವರದಿ ನೋಡದೆ ಆ ಮಾತಾಡಿದವರು ಇನ್ನೊಬ್ಬ ಹೆಣ್ಣುಮಗಳ ಬಾಳನ್ನೂ ಅದೇ ಕುಲುಮೆಗೆ ಹಾಕಿದಂತೆ.

ಗಂಡಂದಿರೇ, ದೋಷ ನಿಮ್ಮಲ್ಲಿದ್ದು ಊರೆಲ್ಲ ಹೆಂಡತಿಯನ್ನು ಆಡಿಕೊಳ್ಳುವಾಗ ಸುಮ್ಮನಿರಬೇಡಿ. ಎಷ್ಟೋ ಹೆಣ್ಣುಮಕ್ಕಳು ಗಂಡನ ಮರ್ಯಾದೆ ಉಳಿಸಲೆಂದು ತೊಂದರೆ ತನ್ನದೇ ಎಂದು ಅತ್ತೆಮನೆಯಲ್ಲಿ ಒಪ್ಪಿಕೊಂಡು ಬಿಡುತ್ತಾರೆ. ಆ ಹೊರೆ ಹೊರಲು ಅವಳನ್ನು ಬಿಡಬೇಡಿ. ವಿವರ ಹೇಳಬೇಕಿಲ್ಲ, "ಅಮ್ಮ, ಚಿಕಿತ್ಸೆ ನಡೀತಿರೋದು ನನಗೆ, ಅವಳನ್ನ ಏನೂ ಅನ್ಬೇಡಿ" ಎಂದು ಒಂದು ಸಲ ತಾಯಿಯ ಮುಂದೆ ಹೇಳಿ. ನಿಮಗೂ ನಿದ್ದೆ ಹೋಗಿದ್ದರೆ, ಯಾರ ಮುಖವನ್ನೂ ನೋಡಲಾಗದಷ್ಟು ಕುಗ್ಗಿದ್ದರೆ ಮಾನಸಿಕ ವೈದ್ಯರನ್ನು ಕಾಣಿ. ಗಂಡಸಿಗೂ ಅಳು ಬರುತ್ತದೆ, ಬರಲಿ.

ಗಂಡುಮಕ್ಕಳ ತಂದೆ ತಾಯಂದಿರಿಗೆ

ಮಗುವಿಗೆ ಎಣ್ಣೆನೀರು ಹಾಕುವಾಗ ಎರಡೂ ವೃಷಣ ಚೀಲದಲ್ಲಿವೆಯೇ ಎಂದು ನೋಡಿ. ಆರು ತಿಂಗಳಾದರೂ ಕೆಳಗಿಳಿಯದಿದ್ದರೆ ಮಕ್ಕಳ ಸರ್ಜನ್ ಬಳಿ ಹೋಗಿ. ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆ ಆಗಿರಬೇಕು. ದೊಡ್ಡವನಾದಾಗ ತಾನೇ ಇಳಿಯುತ್ತದೆ ಎಂದು ಕಾಯಬೇಡಿ. ಸರ್ಕಾರಿ ಲಸಿಕೆಯಲ್ಲಿರುವ ಎಂಆರ್ ದಡಾರ ಮತ್ತು ರುಬೆಲ್ಲಾಗೆ. ಮಂಗನಬಾವಿಗೆ ಎಂಎಂಆರ್ ಬೇಕು, ಮಕ್ಕಳ ವೈದ್ಯರಲ್ಲಿ ಕೇಳಿ ಹಾಕಿಸಿ. ಮೀಸೆ ಮೂಡಿದ ಮೇಲೆ ಮಂಗನಬಾವು ಬಂದರೆ ನಾಲ್ಕೈದು ಹುಡುಗರಲ್ಲಿ ಒಬ್ಬನಿಗೆ ವೃಷಣಕ್ಕೂ ಇಳಿಯುತ್ತದೆ. ಮದುವೆಯಾಗದ ಮಗನಿಗೆ ಕ್ಯಾನ್ಸರ್ ಎಂದು ತಿಳಿದ ದಿನ ಇದು ನೆನಪಾಗುವುದು ಕಷ್ಟ, ಆದರೂ ಕಿಮೋಥೆರಪಿ, ರೇಡಿಯೇಷನ್ ಶುರುವಾಗುವ ಮುಂಚೆ ಅವನ ವೀರ್ಯವನ್ನು ಬ್ಯಾಂಕಿನಲ್ಲಿ ಇಡಬಹುದೇ ಎಂದು ಕೇಳಿ. ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ ಅದು ವರ್ಷಗಟ್ಟಲೆ ಕೆಡದೆ ಇರುತ್ತದೆ.

ಹುಡುಗ ಇದ್ದಕ್ಕಿದ್ದಂತೆ ವೃಷಣದಲ್ಲಿ ಜೋರು ನೋವೆಂದು ಮುದುರಿಕೊಂಡರೆ, ವಾಂತಿ ಮಾಡಿದರೆ, ಬಿಸಿನೀರಿನ ಶಾಖ ಕೊಡುತ್ತಾ ಕೂರಬೇಡಿ. ನಾಚಿಕೆಯಿಂದ ಅವನು ಹೊಟ್ಟೆನೋವು ಎಂದಷ್ಟೇ ಹೇಳಬಹುದು, ಬಿಡಿಸಿ ಕೇಳಿ. ವೃಷಣ ತಿರುಚಿಕೊಂಡು ರಕ್ತ ನಿಂತಿರಬಹುದು. ಆರು ಗಂಟೆಯೊಳಗೆ ಆಪರೇಷನ್ ಆದರೆ ಉಳಿಯುತ್ತದೆ, ತಡವಾದಷ್ಟೂ ಕೈತಪ್ಪುತ್ತದೆ. ಮಧ್ಯರಾತ್ರಿಯಾದರೂ ಸರ್ಜನ್ ಇರುವ ಆಸ್ಪತ್ರೆಗೇ ನೇರ ಹೋಗಿ, ದಾರಿಯಲ್ಲಿ ಅವನಿಗೆ ತಿನ್ನಲು ಕುಡಿಯಲು ಏನೂ ಕೊಡಬೇಡಿ.